ಎಂಟು ಮನೆ ದೂರ

ಓರಿನ್ ಕ್ಲುಗ್ ಆಲ್ಡರ್ ಪಾಯಿಂಟ್ ಊರಿನ ಟಪಾಲಿನವನು. ವಿನ್ನೆಬೇಗೋ ಸರೋವರದ ಪೂರ್ವದಂಡೆಗೆ ಅಂಟಿಕೊಂಡು ಹೋಗುವ ರಸ್ತೆಯಲ್ಲಿ ಇನ್ನೂರ ಹದಿನಾರು ಟಪಾಲು ಪೆಟ್ಟಿಗೆಗಳಿದ್ದವು. ಅಷ್ಟಕ್ಕೂ ಇಪ್ಪತ್ತೊಂಬತ್ತು ವರ್ಷ ಅವನೊಬ್ಬನೇ ಕಾಗದ ಹಾಕಿದ. ಅವನ ಜೀಪಿನ ಸದ್ದು ಕೇಳಿತೆಂದರೆ ಹೆಂಗಸರು ಒಲೆಯ ಮೇಲಿನ ಆಲೂಗಡ್ಡೆ ಇಳಿಸುತ್ತಿದ್ದರು, ಗಡಿಯಾರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಿಯಮವೆಂದರೆ ಅವನಿಗೆ ಅಷ್ಟು ನಿಷ್ಠೆ. ಒಮ್ಮೆ ಅವನ ಸ್ವಂತ ತಾಯಿ ಸ್ಟಾಂಪು ಹಚ್ಚದ ಹುಟ್ಟುಹಬ್ಬದ ಕಾರ್ಡೊಂದನ್ನು ಪಕ್ಕದ ಮನೆಯವರ ಪೆಟ್ಟಿಗೆಯಲ್ಲಿ ಇಟ್ಟು ಬಂದಿದ್ದಳು. ಓರಿನ್ ಅದನ್ನು ತೆಗೆದುತಂದು ಅವಳ ಕೈಗೇ ಕೊಟ್ಟ.

“ಸ್ಟಾಂಪಿಲ್ದೇ ಇರೋದು ಪೆಟ್ಟಿಗೇಲಿ ಇರಬಾರ್ದು ಅಮ್ಮ.”

“ನಿನ್ನ ಒಂಬತ್ತು ತಿಂಗ್ಳು ಹೊತ್ತೆನಲ್ಲೋ, ಅದಕ್ಕೆ ಯಾರು ಸ್ಟಾಂಪು ಹಚ್ಚಿದ್ರು?” ಎಂದಳು ತಾಯಿ. ಊರು ಇದನ್ನು ಹೇಳಿಕೊಂಡು ವರ್ಷಗಟ್ಟಲೆ ನಕ್ಕಿತು. ಓರಿನ್ ಕೂಡ ನಗುತ್ತಿದ್ದ. ಆದರೆ ಕಾರ್ಡನ್ನು ಮಾತ್ರ ಅವಳು ಸ್ಟಾಂಪು ಹಚ್ಚಿದ ಮೇಲೆಯೇ ಹಾಕಿದ್ದು.

ಇಂಥವನು ಭಾನುವಾರ ಮಧ್ಯಾಹ್ನ ಮಾತ್ರ ಬೇರೆಯೇ ಮನುಷ್ಯನಾಗುತ್ತಿದ್ದ. ಚರ್ಚು ಮುಗಿದು, ಊಟ ಮುಗಿದು, ಎರಡು ಗಂಟೆಗೆ ಅವನ ಮನೆಯ ನೆಲಮಾಳಿಗೆಯಲ್ಲಿ ನಾಲ್ಕು ಜನ ಕಥೆ ಕಟ್ಟಿ ಆಡುವ ಒಂದು ಆಟಕ್ಕೆ ಸೇರುತ್ತಿದ್ದರು. ಅದು ಎಂಬತ್ತೆರಡನೇ ಇಸವಿ. ಆ ಆಟ ನಮ್ಮ ಕಡೆಯದೇ. ಇದೇ ರಾಜ್ಯದಲ್ಲಿ ಹುಟ್ಟಿ, ಹುಡುಗರ ಕೈಯಿಂದ ದೊಡ್ಡವರ ಕೈಗೂ ಬಂದಿತ್ತು. ಕಥೆ ನಡೆಸುವವನು ಓರಿನ್. ಅವನು “ಮುಂದೊಂದು ಗುಹೆ ಇದೆ, ಒಳಗಿಂದ ಯಾರೋ ಉಸಿರಾಡ್ತಿದ್ದಾರೆ” ಎನ್ನುತ್ತಿದ್ದ. ಉಳಿದವರು ತಮ್ಮ ತಮ್ಮ ವೀರ ಈಗೇನು ಮಾಡುತ್ತಾನೆಂದು ಹೇಳುತ್ತಿದ್ದರು. ಆಗುತ್ತದೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತಿತ್ತು. ಕಾಳಗ ಬಂದರೆ ಚೌಕ ಚೌಕ ಗೆರೆ ಎಳೆದ ದೊಡ್ಡ ಹಾಳೆ ಹಾಸಿ, ಬೆರಳುದ್ದದ ಸೀಸದ ಬೊಂಬೆಗಳನ್ನಿಟ್ಟು, ಮನೆ ಎಣಿಸಿ ನಡೆಸುವುದು.

ಡ್ವೇನ್ ಸೊಬೆಕ್ ಓರಿನ್‌ನ ಬಾಲ್ಯದ ಗೆಳೆಯ. ಕಾಗದದ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಹೈಸ್ಕೂಲಿನಲ್ಲಿದ್ದಾಗ ಕುಸ್ತಿಯಲ್ಲಿ ಜಿಲ್ಲೆಗೇ ಹೆಸರು ಮಾಡಿದ್ದ. ಕುತ್ತಿಗೆ ಇಲ್ಲದ ಆಳು, ಭುಜದ ಮೇಲೇ ತಲೆ ಇಟ್ಟಂತೆ. ಅವನ ತಮ್ಮ ಗಸ್ ಆರು ವರ್ಷಕ್ಕೆ ಚಿಕ್ಕವನು, ಕಡ್ಡಿಯಂಥ ಮೈ, ಬಾಯಿ ಮಾತ್ರ ಊರಗಲ. ನಾಲ್ಕನೆಯವಳು ಶಾಲೆಯ ಲೈಬ್ರರಿ ನೋಡಿಕೊಳ್ಳುವ ಲೋರೇನ್. ಆಟದಲ್ಲಿ ಅವಳು ಮಂತ್ರಗಾತಿ, ಡ್ವೇನ್ ಕತ್ತಿವೀರ. ಗಸ್‌ನದು ಪಿಂಟ್ ಎಂಬ ಕುಳ್ಳ ಕಳ್ಳ. ರಾಜನ ಅರಮನೆಗೆ ಹೋದರೂ ಪಿಂಟ್ ಬಂಗಾರ ಕದಿಯುತ್ತಿರಲಿಲ್ಲ, ಚಮಚ ಕದಿಯುತ್ತಿದ್ದ. “ಬಂಗಾರ ಹೋದ್ರೆ ಸಿಪಾಯಿ ಹುಡುಕ್ತಾನೆ. ಚಮಚ ಹೋದ್ರೆ ಸೊಸೆನ ಬೈತಾರೆ” ಎನ್ನುವುದು ಪಿಂಟನ ವೇದಾಂತ. ಇದನ್ನು ಗಸ್ ಮೂಗಿನಿಂದ, ಕೀರಲು ದನಿಯಲ್ಲಿ ಹೇಳುತ್ತಿದ್ದ. ಪ್ರತಿ ಸಲವೂ ಓರಿನ್‌ನ ಹೆಂಡತಿ ಮಾವಿಸ್ ಮೇಲಿನ ಅಡುಗೆಮನೆಯಿಂದಲೇ ನಗುವುದು ಕೇಳುತ್ತಿತ್ತು.

ಆ ಆಟದ ಪುಸ್ತಕದಲ್ಲಿ ಎಲ್ಲಕ್ಕೂ ನಿಯಮವಿತ್ತು, ಆದರೆ ಕುಸ್ತಿಯ ನಿಯಮ ಬರೆದವನಿಗೂ ಅರ್ಥವಾಗಿರಲಿಕ್ಕಿಲ್ಲ. ಕತ್ತಿ ಬಿಟ್ಟು ಒಬ್ಬ ಇನ್ನೊಬ್ಬನನ್ನು ತಬ್ಬಿ ಹಿಡಿದರೆ ಮುಗಿಯಿತು, ಮೂರು ಪಟ್ಟಿ ನೋಡಬೇಕು, ಕೂಡಬೇಕು, ಕಳೆಯಬೇಕು, ಅಷ್ಟರಲ್ಲಿ ಕಾಫಿ ಆರುತ್ತಿತ್ತು. ಒಂದು ಭಾನುವಾರ ಡ್ವೇನ್ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ.

“ಇದನ್ನ ಬರೆದೋನು ಜನ್ಮದಲ್ಲಿ ಯಾರನ್ನೂ ತಬ್ಬಿಕೊಂಡಿಲ್ಲ ಕಣೋ. ಹೆಂಡ್ತೀನೂ ತಬ್ಬಿಲ್ಲ.”

“ಹಂಗಾದ್ರೆ ನೀನೇ ಬರಿ,” ಎಂದ ಓರಿನ್.

“ಬರಿಯೋದೇನು, ಮಾಡೇ ತೋರಿಸ್ತೀನಿ. ನಡಿ ಗ್ಯಾರೇಜಿಗೆ.”

ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಹಳೆ ಕಂಬಳಿ ಹಾಸಿ, ಸೀಮೆಸುಣ್ಣದಿಂದ ಚೌಕ ಎಳೆದರು. ಮೂವತ್ತು ದಾಟಿದ ಇಬ್ಬರು ಗಂಡಸರು ಅಂಗಿ ಬಿಚ್ಚಿ ಹೊರಳಾಡಿದರು. ಲೋರೇನ್ ಕೈಯಲ್ಲಿ ಗಡಿಯಾರ. ಹಿಡಿದವನು ಎಷ್ಟು ದೂರ ಎಳೆಯಬಲ್ಲ, ಹಿಡಿಸಿಕೊಂಡವನು ಎಷ್ಟರಲ್ಲಿ ಬಿಡಿಸಿಕೊಳ್ಳಬಲ್ಲ, ಹಿಂದಿನಿಂದ ಹಿಡಿದರೆ ಹೇಗೆ, ಕಾಲಿಗೆ ಬಿದ್ದರೆ ಹೇಗೆ, ಎಲ್ಲ ಅಳೆದರು. ಡ್ವೇನ್ ಓರಿನ್‌ನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎಳೆದ. ಓರಿನ್ ಒದ್ದಾಡಿದ. ಒಂದು ಸುತ್ತಿನ ಹೊತ್ತಿಗೆ ಡ್ವೇನ್ ಹನ್ನೆರಡು ಮನೆ ನಡೆಯುವ ಆಳಾದರೆ, ಒದ್ದಾಡುವವನನ್ನು ಎಳೆದುಕೊಂಡು ಸಾಗಿದ್ದು ಆರೇ ಮನೆ.

“ಅರ್ಧ,” ಎಂದ ಓರಿನ್, ಮೊಣಕೈಯ ರಕ್ತ ಒರೆಸಿಕೊಳ್ಳುತ್ತ. “ಎಳೆಯೋನಿಗೆ ಅರ್ಧ ನಡೆ. ಬರಕೋ.”

ಆಗ ಗಸ್ ಮಧ್ಯೆ ಬಾಯಿ ಹಾಕಿದ. “ಅದು ಶತ್ರುಗೆ. ನನ್ನ ಎಳಿ ನೋಡೋಣ, ನಾನೇನೂ ಒದ್ದಾಡಲ್ಲ.” ಅವನು ನೆಲದ ಮೇಲೆ ಮಲಗಿದ. ಡ್ವೇನ್ ಅವನ ತೋಳಿನಡಿ ಕೈ ಹಾಕಿ ಎಳೆದ. ಗಸ್ ಹಿಮ್ಮಡಿಯಿಂದ ನೆಲ ಒದೆಯುತ್ತ, “ಹೋಯ್, ಗಾಡಿ ಬಂತು, ದಾರಿ ಬಿಡಿ” ಎಂದು ಕೂಗುತ್ತ ಹೋದ. ಒಂಬತ್ತು ಮನೆ ಆಯಿತು.

“ನೋಡಿದ್ರಾ? ಒಪ್ಪಿಕೊಂಡೋನ್ನ ಎಳೆದ್ರೆ ಮುಕ್ಕಾಲು. ಯಾಕಂದ್ರೆ ಅವನೂ ಕಾಲು ಆಡಿಸ್ತಾನೆ. ಬರಕೋ ಓರಿನ್, ಇದು ಗಸ್ ಸೊಬೆಕ್ ನಿಯಮ.”

ಎಂಟು ಸಾಲು ಆಗಲೇ ಬರೆದಾಗಿತ್ತು. ಇದು ಒಂಬತ್ತನೆಯದಾಯಿತು. ಮಾವಿಸ್ ಅದನ್ನೆಲ್ಲ ಟೈಪು ಮಾಡಿಕೊಟ್ಟಳು. ಓರಿನ್ ಹಾಳೆಯನ್ನು ನೆಲಮಾಳಿಗೆಯ ಗೋಡೆಗೆ ಅಂಟಿಸಿದ. ಮೊದಲ ಎಂಟು ಸಾಲು ವಾರಕ್ಕೊಮ್ಮೆಯಾದರೂ ಬೇಕಾಗುತ್ತಿದ್ದವು. ಆಟದಲ್ಲಿ ಎಳೆದಾಡುವುದೆಲ್ಲ ಶತ್ರುಗಳನ್ನೇ. ಒಂಬತ್ತನೆಯದು ಬೇಕಾಗಲೇ ಇಲ್ಲ. ಓರಿನ್‌ಗೆ ಹಾಳೆ ಬಾಯಿಪಾಠವಾಯಿತು, ಅಥವಾ ಆಗಿದೆ ಎಂದುಕೊಂಡ.

ಎಂಬತ್ತೆಂಟರ ಮಾರ್ಚಿನಲ್ಲಿ ಗಸ್ ಸತ್ತ.

ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ, ಮಂಜುಗಡ್ಡೆ ಕೊರೆದು ಮೀನು ಹಿಡಿಯಲೆಂದು ಇಟ್ಟ ಗುಡಿಸಲುಗಳನ್ನು ಎಲ್ಲರೂ ದಂಡೆಗೆ ಎಳೆದು ತರುವ ವಾರ ಅದು. ಅಣ್ಣತಮ್ಮ ಇಬ್ಬರೂ ತಮ್ಮ ಗುಡಿಸಲು ತರಲು ಬೆಳಿಗ್ಗೆ ಹೋಗಿದ್ದರು. ಮಂಜು ಮೇಲಿಂದ ಗಟ್ಟಿಯಾಗಿಯೇ ಕಾಣುತ್ತಿತ್ತು. ಹಗ್ಗ ಬಿಚ್ಚಲು ನಾಲ್ಕು ಹೆಜ್ಜೆ ಆಚೆ ಹೋದ ಗಸ್ ಮಂಜು ಒಡೆದು ಸೊಂಟದವರೆಗೆ ನೀರಿಗೆ ಇಳಿದ, ಆಮೇಲೆ ಕತ್ತಿನವರೆಗೆ. ಡ್ವೇನ್ ಹೊಟ್ಟೆಯ ಮೇಲೆ ತೆವಳಿಹೋಗಿ ಅವನ ತೋಳು ಹಿಡಿದ. ಎಳೆದಷ್ಟೂ ಅಂಚು ಮುರಿಯಿತು. ದಂಡೆಯಲ್ಲಿದ್ದವರು ಏಣಿ, ಹಗ್ಗ ಹಿಡಿದು ಓಡಿ ಬರುತ್ತ, “ಬಿಡು ಡ್ವೇನ್, ನೀನೂ ಹೋಗ್ತೀಯ, ಬಿಡು!” ಎಂದು ಕೂಗಿದರು. ಅವನು ಬಿಡಲಿಲ್ಲ. ಗಸ್‌ನ ಕೈಯೇ ಕೋಟಿನ ತೋಳಿನೊಳಗಿಂದ ಜಾರಿಹೋಯಿತು. ಡ್ವೇನ್ ಕೈಯಲ್ಲಿ ಖಾಲಿ ಕೋಟು ಉಳಿಯಿತು. ಆಸ್ಪತ್ರೆಯಲ್ಲಿ ಅವನ ಎಡಗೈಯಲ್ಲಿ ಚಳಿಗೆ ಮರಗಟ್ಟಿದ ಎರಡು ಬೆರಳಿನ ತುದಿ ತೆಗೆದರು.

ಎರಡು ತಿಂಗಳು ನೆಲಮಾಳಿಗೆಗೆ ಯಾರೂ ಇಳಿಯಲಿಲ್ಲ. ಮೇ ತಿಂಗಳಲ್ಲಿ ಡ್ವೇನ್ ತಾನಾಗಿಯೇ ಬಂದ, ಮೇಜಿನ ಮುಂದೆ ಕೂತ, ಜೇಬಿನಿಂದ ಪಿಂಟನ ಬೊಂಬೆ ತೆಗೆದು ತನ್ನ ಕತ್ತಿವೀರನ ಪಕ್ಕ ಇಟ್ಟ. ಗಸ್ ತಾನೇ ಬಣ್ಣ ಬಳಿದ ಬೊಂಬೆ. ಬೆಲ್ಟಿನಲ್ಲಿ ಸೂಜಿಯಷ್ಟು ಸಣ್ಣ ಚಮಚ ಕೂಡ ಇತ್ತು.

“ಇವನು ಇರ್ಲಿ ಓರಿನ್. ಇಬ್ರನ್ನೂ ನಾನೇ ಆಡಿಸ್ತೀನಿ.”

“ಇರ್ಲಿ,” ಎಂದ ಓರಿನ್. ಬೇರೇನು ಹೇಳಲು ಸಾಧ್ಯ?

ಮೊದಮೊದಲು ಡ್ವೇನ್ ಪಿಂಟನನ್ನು ಸುಮ್ಮನೆ ಹಿಂದೆ ಹಿಂದೆ ನಡೆಸುತ್ತಿದ್ದ. ಬರುಬರುತ್ತ ಪಿಂಟ್ ಮಾತಾಡತೊಡಗಿದ, ಅದೇ ಮೂಗಿನ ದನಿ, ಅದೇ ಕೀರಲು. ಮೇಲೆ ಅಡುಗೆಮನೆಯಲ್ಲಿ ಮಾವಿಸ್ ಪಾತ್ರೆ ತೊಳೆಯುವುದನ್ನು ನಿಲ್ಲಿಸಿಬಿಡುತ್ತಿದ್ದಳು. ಲೋರೇನ್ ಕನ್ನಡಕ ತೆಗೆದು ಒರೆಸುತ್ತಿದ್ದಳು. ಓರಿನ್‌ಗೆ ಆ ದನಿ ಕೇಳಿದಾಗಲೆಲ್ಲ ಎದೆಯಲ್ಲಿ ಮುಳ್ಳು ಮುರಿದಂತಾಗುತ್ತಿತ್ತು. ಗಸ್ ಅವನಿಗೂ ತಮ್ಮನೇ. ಗಸ್‌ಗೆ ಸೈಕಲ್ ಹೊಡೆಯಲು ಕಲಿಸಿದ್ದು ಅವನೇ. ಆದರೆ ದುಃಖ ಡ್ವೇನ್‌ನದು ದೊಡ್ಡದು, ತನ್ನದನ್ನು ಅದರ ಮುಂದೆ ಇಡುವುದು ಹೇಗೆ? ಓರಿನ್ ನುಂಗಿಕೊಂಡ. ಎರಡೂವರೆ ವರ್ಷ ಹೀಗೇ ನುಂಗಿದ.

ತೊಂಬತ್ತರ ನವೆಂಬರಿನ ಒಂದು ಭಾನುವಾರ. ಹೊರಗೆ ಮೋಡ. ಕಥೆಯಲ್ಲಿ ಅವರು ನೆಲದಡಿಯ ಒಂದು ಹಳೆಯ ಸಭಾಂಗಣದಲ್ಲಿದ್ದರು. ಮಾಡು ಕುಸಿಯುತ್ತಿತ್ತು. ಹೊರಹೋಗಲು ಒಂದೇ ಕಲ್ಲಿನ ಬಾಗಿಲು, ಅದೂ ಇಳಿಯುತ್ತಿತ್ತು. ಈ ಸುತ್ತು ಮುಗಿಯುವಷ್ಟರಲ್ಲಿ ನೆಲ ಮುಟ್ಟುತ್ತದೆ ಎಂದು ಓರಿನ್ ಮೊದಲೇ ಹೇಳಿದ್ದ. ಲೋರೇನ್‌ಳ ಮಂತ್ರಗಾತಿ ಆಗಲೇ ಹೊರಗೆ ಹೋಗಿಯಾಗಿತ್ತು. ಪಿಂಟನ ತೊಡೆಗೆ ಬಾಣ ನಾಟಿತ್ತು, ಎದ್ದು ನಡೆಯುವಂತಿರಲಿಲ್ಲ. ಕತ್ತಿವೀರ ಅವನ ಪಕ್ಕದಲ್ಲೇ ಇದ್ದ.

“ಕತ್ತಿ ಎಸೀತೀನಿ,” ಎಂದ ಡ್ವೇನ್. “ತೋಳಿನಡಿ ಹಿಡಿದು ಎಳೀತೀನಿ.” ಆಮೇಲೆ ಮೂಗಿನ ದನಿ ಬಂತು. “ಎಳಿ ಅಣ್ಣಾ, ಎಳಿ. ನಂಗೆ ಚಮಚ ಎಲ್ಲ ಚುಚ್ಚುತ್ತೆ.”

ಯಾರೂ ನಗಲಿಲ್ಲ. ಓರಿನ್ ಹಾಳೆಯ ಮೇಲೆ ಬೆರಳಿಟ್ಟು ಎಣಿಸಿದ. ಬಾಗಿಲಿಗೆ ಎಂಟು ಮನೆ.

“ಎಳೆಯೋನಿಗೆ ಅರ್ಧ,” ಎಂದ. “ನಿಂಗೆ ಆರು ಮನೆ. ಎರಡು ಕಮ್ಮಿ ಬೀಳತ್ತೆ.”

ಡ್ವೇನ್ ಅವನನ್ನೇ ನೋಡುತ್ತ ಕೂತ.

ಲೋರೇನ್ ಕುರ್ಚಿ ಮುಂದೆಳೆದುಕೊಂಡಳು. “ಓರಿನ್, ಎರಡು ಮನೆ ತಾನೇ. ಬಾಗಿಲು ಒಂಚೂರು ಸಿಕ್ಕಾಕೊಳ್ತು ಅನ್ನು. ದಾಳನಾದ್ರೂ ಹಾಕಕ್ಕೆ ಬಿಡು.”

“ಹೋದ ತಿಂಗಳು ನಿನ್ನ ಕುದುರೆ ಸತ್ತಾಗ ಬಿಟ್ನಾ? ಒಬ್ರಿಗೊಂದು ಇನ್ನೊಬ್ರಿಗೊಂದು ಆಗಲ್ಲ.”

“ಇದು ಕುದುರೆ ಅಲ್ಲ ಓರಿನ್.”

“ನಂಗೊತ್ತು ಏನು ಅಂತ.” ದನಿ ತಾನೆಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. ಅವನು ಡ್ವೇನ್ ಕಡೆ ತಿರುಗಿದ. “ಬಿಟ್ಟು ಓಡಿದ್ರೆ ನಿಂಗೆ ಪೂರ್ತಿ ಹನ್ನೆರಡು ಮನೆ ಇದೆ. ನಿನ್ನವನು ಬಚಾವಾಗ್ತಾನೆ.”

ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವನಿಗೇ ಕೇಳಿಸಿತು. ಬಾಯಿಂದ ಬಿದ್ದ ಮಾತು, ಒಡೆದ ಮೊಟ್ಟೆ. ಡ್ವೇನ್ ಮೊಟಕಾದ ಬೆರಳುಗಳಿಂದ ಎರಡೂ ಬೊಂಬೆ ಹಿಡಿದು, ಒಂದೊಂದೇ ಮನೆ, ಆರು ಮನೆ ನಡೆಸಿದ. ಅಲ್ಲೇ ನಿಲ್ಲಿಸಿದ.

“ಬಿಡಲ್ಲ,” ಎಂದ.

ಬಾಗಿಲು ನೆಲ ಮುಟ್ಟಿತು, ಕಥೆಯಲ್ಲಿ ಇಬ್ಬರೂ ಸತ್ತರು. ಡ್ವೇನ್ ಎದ್ದು ಕೋಟು ಹಾಕಿಕೊಂಡು ಗುಂಡಿಗಳನ್ನು ನಿಧಾನವಾಗಿ ಹಾಕಿದ. “ನಿನ್ನ ಲೆಕ್ಕ ಸರಿ ಇದೆ ಓರಿನ್,” ಎಂದು ಮೆಟ್ಟಿಲು ಹತ್ತಿ ಹೋದ. ಬೊಂಬೆಗಳನ್ನು ತೆಗೆದುಕೊಳ್ಳಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಮಾವಿಸ್ ತಟ್ಟೆ ಮುಂದಿಟ್ಟು ಕೇಳಿದಳು. “ಬೇಕಂತ್ಲೇ ಮಾಡಿದ್ಯಾ?”

“ನಿಯಮ ಇರೋದೇ ಹಂಗೆ.”

“ನಿಯಮ ಕೇಳ್ತಿಲ್ಲ. ನಿನ್ನ ಕೇಳ್ತಿದೀನಿ.”

ಸಾಸೇಜು ತಟ್ಟೆಯಲ್ಲಿ ತಣ್ಣಗಾದ ಮೇಲೆ ಓರಿನ್, “ಆ ದನಿ ಇನ್ನೊಂದು ಭಾನುವಾರ ಕೇಳಕ್ಕೆ ನನ್ನಿಂದ ಆಗ್ತಿರ್ಲಿಲ್ಲ ಮಾವಿಸ್” ಎಂದ. ಅದೊಂದೇ ಸಲ ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು.

ಡಿಸೆಂಬರಿನಲ್ಲಿ ಡ್ವೇನ್ ಬರಲಿಲ್ಲ. ಲೋರೇನ್ ಎರಡು ವಾರ ಬಂದು, ಕಾಫಿ ಕುಡಿದು, ಹವಾಮಾನದ ಮಾತಾಡಿ ಹೋದಳು. ಮೂರನೇ ವಾರ ಅವಳೂ ಬರಲಿಲ್ಲ. ಜನವರಿಯ ಮೊದಲ ಶನಿವಾರ ಕ್ರಿಸ್‌ಮಸ್ ಮರದ ದೀಪಗಳನ್ನು ಡಬ್ಬದಲ್ಲಿ ತುಂಬಿಡಲು ಓರಿನ್ ನೆಲಮಾಳಿಗೆಗೆ ಇಳಿದ. ಡಬ್ಬವನ್ನು ಎತ್ತರದ ಗೂಡಿನಲ್ಲಿಡಲು ಹೋದಾಗ ಮುಖ ಗೋಡೆಯ ಹಾಳೆಗೆ ಎದುರಾಯಿತು. ಸುಮ್ಮನೆ ಕಣ್ಣಾಡಿಸಿದ. ಎಂಟನೇ ಸಾಲಿನ ಕೆಳಗೆ ಇನ್ನೊಂದು ಇತ್ತು.

ಹಿಡಿಸಿಕೊಂಡವನು ಒಪ್ಪಿದ್ದರೆ, ಎಳೆಯುವವನಿಗೆ ಮುಕ್ಕಾಲು ನಡೆ.

ಹನ್ನೆರಡರ ಮುಕ್ಕಾಲು ಒಂಬತ್ತು. ಬಾಗಿಲಿಗೆ ಎಂಟು. ಓರಿನ್ ಡಬ್ಬವನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲ ಮೇಲೆ ಕೂತ. ಎಳಿ ಅಣ್ಣಾ ಎಳಿ, ಅಂದಿದ್ದನಲ್ಲ ಪಿಂಟ್. ಒಪ್ಪಿಗೆ ಎಂದರೆ ಇನ್ನು ಹೇಗಿರುತ್ತದೆ? ಇಡೀ ಊರಿಗೆ ನಿಯಮ ಹೇಳುತ್ತ ತಿರುಗಿದವನು ತನ್ನದೇ ಗೋಡೆಯ ಮೇಲಿನದನ್ನು ಓದದೆ ತೀರ್ಪು ಕೊಟ್ಟಿದ್ದ. ತಲೆ ಎತ್ತಿದ್ದರೆ ಸಾಕಿತ್ತು. ಎತ್ತಲು ಮನಸ್ಸಿರಲಿಲ್ಲವೇನೋ, ಆ ಪ್ರಶ್ನೆಯೂ ಅಲ್ಲೇ ಬಂದು ಪಕ್ಕದಲ್ಲಿ ಕೂತಿತು.

ಫೋನು ಮಾಡಿದ. ಡ್ವೇನ್‌ನ ಹೆಂಡತಿ ಪ್ಯಾಟ್ಸಿ ಎತ್ತಿಕೊಂಡು, ಆಚೆ ಏನೋ ಕೇಳಿ, “ಮನೇಲಿಲ್ಲ ಅಂತಿದಾನೆ” ಎಂದಳು. ಅವಳಿಗೆ ಸುಳ್ಳು ಬರುತ್ತಿರಲಿಲ್ಲ. ಮನೆಗೇ ಹೋದ. ಕಿಟಕಿಯ ಪರದೆ ಅಲುಗಿತು, ಬಾಗಿಲು ತೆರೆಯಲಿಲ್ಲ. ಕೊನೆಗೆ ಕಾಗದ ಬರೆದ. ಮೂರು ಸಲ ಹರಿದುಹಾಕಿ ನಾಲ್ಕನೆಯದನ್ನು ಉಳಿಸಿಕೊಂಡ. ಲಕೋಟೆಗೆ ಸ್ಟಾಂಪು ಹಚ್ಚಿ, ಅಂಚೆ ಕಚೇರಿಯಲ್ಲಿ ಮುದ್ರೆ ಹೊಡೆಸಿ, ಮರುದಿನ ತನ್ನ ಚೀಲದಲ್ಲೇ ಹೊತ್ತು ತಂದು ಸೊಬೆಕ್ ಎಂದು ಬರೆದ ಪೆಟ್ಟಿಗೆಗೆ ತಾನೇ ಹಾಕಿದ.

ಅದರ ಮರುದಿನ ಆ ಪೆಟ್ಟಿಗೆಯ ಕೆಂಪು ಬಾವುಟ ಮೇಲಿತ್ತು. ಅಂದರೆ ಒಳಗೆ ಕಳಿಸುವ ಟಪಾಲು ಇದೆ ಎಂದು. ಉತ್ತರ ಬಂತೆಂದು ಓರಿನ್ ಜೀಪು ನಿಲ್ಲಿಸಿದ. ತೆರೆದು ನೋಡಿದರೆ ಅವನದೇ ಲಕೋಟೆ. ಅಂಟು ಬಿಚ್ಚಿರಲಿಲ್ಲ. ಮೇಲೆ ಪೆನ್ಸಿಲಿನಲ್ಲಿ ಡ್ವೇನ್‌ನ ದಪ್ಪ ಅಕ್ಷರ: ಬೇಡ. ಕಳಿಸಿದವರಿಗೆ ವಾಪಸ್ಸು.

ಬೇಡ ಎಂದ ಕಾಗದವನ್ನು ಮತ್ತೆ ಹಾಕುವಂತಿಲ್ಲ. ಅದೂ ನಿಯಮ. ಓರಿನ್ ಅದನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಪೆಟ್ಟಿಗೆಗೆ ಹೋದ.

ಆಮೇಲಿನ ಐದು ವರ್ಷ ಹೇಳುವಂಥದ್ದೇನಿಲ್ಲ. ಭಾನುವಾರ ಬಿಟ್ಟು ದಿನವೂ ಡ್ವೇನ್‌ನ ಪೆಟ್ಟಿಗೆ ತೆರೆದು ಮುಚ್ಚಿದ. ಬೀಜದ ಕಂಪನಿಯ ಪುಸ್ತಕ, ಕರೆಂಟು ಬಿಲ್ಲು, ಡ್ವೇನ್‌ನ ಮಗಳು ಕಾಲೇಜಿನಿಂದ ಬರೆದ ಕಾಗದ. ಅಂಗಳದಲ್ಲಿ ಡ್ವೇನ್ ಹುಲ್ಲು ಕತ್ತರಿಸುತ್ತಿದ್ದರೆ ಓರಿನ್ ಕೈ ಎತ್ತುತ್ತಿದ್ದ. ಡ್ವೇನ್ ಯಂತ್ರದ ಕಡೆ ಬಗ್ಗುತ್ತಿದ್ದ. ಶುಕ್ರವಾರ ಮೀನೂಟಕ್ಕೆ ಇಡೀ ಊರು ಸೇರುವ ಹೋಟೆಲಿನಲ್ಲಿ ಒಬ್ಬ ಬಂದರೆ ಇನ್ನೊಬ್ಬ ತಟ್ಟೆಯಲ್ಲಿದ್ದದ್ದನ್ನು ಕಟ್ಟಿಸಿಕೊಂಡು ಹೋಗುತ್ತಿದ್ದ. ಒಂದು ಸಲ ಪೆಟ್ರೋಲ್ ಬಂಕಿನಲ್ಲಿ ಎದುರುಬದುರಾದರು. “ಹೇಗಿದೀಯೋ?” ಎಂದ ಓರಿನ್. “ನಡೀತಿದೆ,” ಎಂದ ಡ್ವೇನ್. ಹೇಳಬೇಕಾದ ಮಾತು ಓರಿನ್‌ನ ನಾಲಿಗೆಯ ತುದಿಗೆ ಬಂತು, ಆದರೆ ಹಿಂದಿನ ಕಾರಿನವನು ಹಾರ್ನು ಹೊಡೆದ.

ತೊಂಬತ್ತಾರರ ಮೇ ತಿಂಗಳ ಒಂದು ಬೆಳಿಗ್ಗೆ ಕಾರ್ಖಾನೆಯ ಕಾರು ನಿಲ್ಲಿಸುವ ಜಾಗದಲ್ಲಿ, ಊಟದ ಡಬ್ಬಿ ಕೈಯಲ್ಲಿ ಹಿಡಿದಂತೆಯೇ, ಡ್ವೇನ್‌ನ ಹೃದಯ ನಿಂತಿತು. ನಲವತ್ತೇಳು ತುಂಬಿರಲಿಲ್ಲ.

ಚರ್ಚಿನಲ್ಲಿ ಓರಿನ್ ಕೊನೆಯ ಬೆಂಚಿನಲ್ಲಿ ಕೂತಿದ್ದು, ಊಟಕ್ಕೆ ನಿಲ್ಲದೆ ಹೊರಟುಬಂದ. ಆದರೆ ಸತ್ತ ಮನೆಗೆ ಟಪಾಲು ಹೆಚ್ಚು. ಸಾಂತ್ವನದ ಕಾರ್ಡುಗಳು ಗುರುವಾರ ಹನ್ನೆರಡು ಬಂದವು, ಶುಕ್ರವಾರ ಮೂವತ್ತು. ಶನಿವಾರದ ಕಟ್ಟು ಪೆಟ್ಟಿಗೆಯಲ್ಲಿ ಹಿಡಿಸಲೇ ಇಲ್ಲ. ಹಿಡಿಸದಿದ್ದರೆ ಬಾಗಿಲಿಗೆ ಕೊಡಬೇಕು. ಓರಿನ್ ಜೀಪು ನಿಲ್ಲಿಸಿ, ಕಟ್ಟು ಎದೆಗೊತ್ತಿಕೊಂಡು, ಐದು ವರ್ಷದಿಂದ ತುಳಿಯದ ಮೆಟ್ಟಿಲು ಹತ್ತಿದ.

ಪ್ಯಾಟ್ಸಿ ಬಾಗಿಲಲ್ಲೇ ನಿಂತಿದ್ದಳು. “ಒಳಗೆ ಬಾ.”

“ಡ್ಯೂಟೀಲಿದೀನಿ ಪ್ಯಾಟ್ಸಿ.”

“ಬಾ ಅಂದೆ.”

ಅವಳು ಕಾಫಿ ಬಗ್ಗಿಸಿದಳು, ಯಾರೋ ತಂದಿಟ್ಟಿದ್ದ ರುಬಾರ್ಬ್ ಪೈ ಕತ್ತರಿಸಿ ಮುಂದಿಟ್ಟಳು.

“ಆ ಕಾಗದದಲ್ಲಿ ಏನಿತ್ತು ಓರಿನ್?”

“ಯಾವುದು?”

“ಅವನು ವಾಪಸ್ ಕಳಿಸಿದ್ನಲ್ಲ. ಒಡೆದು ಓದು ಅಂತ ಬೇಡ್ಕೊಂಡೆ. ನಿಯಮ ಯಾಕೆ ಸರಿ ಅಂತ ಎರಡು ಪುಟ ಬರ್ದಿರ್ತಾನೆ, ಅದನ್ನ ನಾನು ಓದಲ್ಲ ಅಂದ.”

“ನಾನು ತಪ್ಪು ಎಣಿಸಿದ್ದೆ ಪ್ಯಾಟ್ಸಿ. ಅದೇ ಬರೆದಿದ್ದೆ. ಒಂಬತ್ತನೇ ಸಾಲು ಒಂದಿತ್ತು. ಮರೆತಿದ್ದೆ.”

ಪ್ಯಾಟ್ಸಿ ಕಾಫಿಯ ಬಟ್ಟಲನ್ನು ಬಹಳ ಹುಷಾರಾಗಿ ಕೆಳಗಿಟ್ಟಳು. “ಗಸ್ ಹೇಳಿ ಬರೆಸಿದ ಸಾಲು.”

“ನಿಂಗೆ ಹೇಗೆ ಗೊತ್ತು?”

“ಅವನಿಗೆ ಗೊತ್ತಿತ್ತು. ಅವತ್ತು ಮನೆಗೆ ಬಂದು ಈ ಕುರ್ಚೀಲೇ ಕೂತು ಹೇಳ್ದ. ಓರಿನ್‌ಗೆ ನೆನಪಾಗುತ್ತೇನೋ ಅಂತ ಮುಖ ನೋಡ್ತಾ ಕಾಯ್ದೆ, ಆಗ್ಲಿಲ್ಲ ಅಂದ. ನೀನೇ ಹೇಳಬಾರ್ದಿತ್ತಾ ಮಂಕೇ ಅಂದೆ. ನಾನು ಹೇಳಿ ಅವನು ಬಿಟ್ಟುಕೊಡೋದು ಬೇರೆ, ಅವನಿಗೇ ಗಸ್ ನೆನಪಾಗೋದು ಬೇರೆ ಅಂದ.”

ಓರಿನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಟಪಾಲಿನವನ ಟೋಪಿ ಜಾರಿ ಪೈ ತಟ್ಟೆಯ ಪಕ್ಕ ಬಿತ್ತು. ಅವನು ಅತ್ತದ್ದನ್ನು ಮಾವಿಸ್ ಕೂಡ ಅಲ್ಲಿಯವರೆಗೆ ಕಂಡಿರಲಿಲ್ಲ. ಸದ್ದಿಲ್ಲದ ಅಳು, ಭುಜ ಮಾತ್ರ ಕುಲುಕುತ್ತಿತ್ತು. ಪ್ಯಾಟ್ಸಿ ಎದ್ದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು.

“ದಡ್ಡರು,” ಎಂದಳು. “ಇಬ್ರೂ ದಡ್ಡರು. ಐದು ವರ್ಷ! ರಸ್ತೆ ಆಚೆ ಒಬ್ಬ, ಈಚೆ ಒಬ್ಬ.”

“ಅವನು ನನ್ನ ಬೈಯ್ಕೊಳ್ತಿದ್ನಾ?”

“ಬೈದಿದ್ರೆ ಚೆನ್ನಾಗಿರ್ತಿತ್ತು. ನಿನ್ನ ಜೀಪು ತಡ ಆದ್ರೆ ಕಿಟಕಿ ಹತ್ರ ಹೋಗಿ ನಿಲ್ತಿದ್ದ. ಬಂದ್ಮೇಲೆ ಒಳಗೆ ಹೋಗ್ತಿದ್ದ.”

ಅವಳು ಕಾಗದ ಕೇಳಿದಳು. ಅದು ಮನೆಯಲ್ಲಿತ್ತು, ಎಸೆದಿರಲಿಲ್ಲ. ಸೋಮವಾರ ತಂದು ಅವಳ ಕೈಗೆ ಕೊಟ್ಟ. ಅವಳು ಬಾಗಿಲಲ್ಲೇ ನಿಂತು ಅಡುಗೆಮನೆಯ ಚಾಕುವಿನಿಂದ ಲಕೋಟೆ ಕೊಯ್ದು ಓದಿದಳು. ಎರಡು ಪುಟವಲ್ಲ, ಅರ್ಧ ಪುಟ. ಓದಿ, ಮಡಚಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. “ಮಣ್ಣು ಮಾಡೋವಾಗ ಅವನ ಕೋಟಿನ ಜೇಬಲ್ಲಿಟ್ಟು ಕಳಿಸಬಹುದಿತ್ತು,” ಎಂದಳು. “ಈಗ ಯಾವ ಜೇಬು.” ಅವತ್ತು ಉಳಿದಿದ್ದ ನಲವತ್ತು ಪೆಟ್ಟಿಗೆಗಳಿಗೂ ಅರ್ಧ ಗಂಟೆ ತಡವಾಗಿ ಕಾಗದ ಮುಟ್ಟಿತು.

ನೆಲಮಾಳಿಗೆಯಲ್ಲಿ ಆಟ ಮತ್ತೆ ಶುರುವಾಗಲಿಲ್ಲ. ಒಂದೆರಡು ಸಲ ಲೋರೇನ್, ಶಾಲೆಯ ಹೊಸ ಮೇಷ್ಟ್ರುಗಳಿಬ್ಬರಿಗೆ ಕಲಿಯುವ ಆಸೆಯಿದೆ ಎಂದು ಹೇಳಿದಳು. ಓರಿನ್ ಪುಸ್ತಕ, ದಾಳ, ಗೆರೆ ಎಳೆದ ಹಾಳೆ ಎಲ್ಲವನ್ನೂ ಅವಳಿಗೆ ಕೊಟ್ಟು ಕಳಿಸಿದ. ಎರಡು ಬೊಂಬೆಗಳನ್ನು ಪ್ಯಾಟ್ಸಿಗೆ ಕೊಟ್ಟ.

ಈಗ ಅವನು ನಿವೃತ್ತ. ಭಾನುವಾರ ಮಧ್ಯಾಹ್ನ ಮಾವಿಸ್‌ಳ ಅಣ್ಣ ಎಲ್ರಾಯ್ ಮತ್ತು ಅವನ ಹೆಂಡತಿ ಬರುತ್ತಾರೆ, ನಾಲ್ವರೂ ಅಡುಗೆಮನೆಯ ಮೇಜಿನಲ್ಲಿ ಇಸ್ಪೀಟು ಆಡುತ್ತಾರೆ. ಎಲ್ರಾಯ್ ಮೊದಲಿನಿಂದಲೂ ಮೋಸಗಾರ. ಕೈಯಲ್ಲಿ ಬೇಕಾದ ಎಲೆ ಇಟ್ಟುಕೊಂಡೇ ಇಲ್ಲವೆಂದು ಬೇರೆ ಇಳಿಸುತ್ತಾನೆ. ಓರಿನ್‌ಗೆ ಅದು ಗೊತ್ತಾಗದೆ ಇರುವುದಿಲ್ಲ. ಬಿದ್ದ ಎಲೆಯೆಲ್ಲ ಅವನಿಗೆ ಲೆಕ್ಕ. ಮಾವಿಸ್ ಮೇಜಿನಡಿ ಕಾಲಿನಿಂದ ತಿವಿಯುತ್ತಾಳೆ. ಅವರು ಹೋದ ಮೇಲೆ, “ಕಣ್ಣೆದುರೇ ಮೋಸ ಮಾಡ್ತಾನೆ, ನೀನು ಬಾಯಲ್ಲಿ ಬೆಣ್ಣೆ ಇಟ್ಕೊಂಡೋನ ಥರ ಕೂತಿರ್ತೀಯಲ್ಲ!” ಎಂದು ರೇಗುತ್ತಾಳೆ.

“ಆಡ್ಲಿ ಬಿಡು,” ಎನ್ನುತ್ತಾನೆ ಓರಿನ್. “ಅವನಿಗೆ ಗೆಲ್ಲೋದು ಇಷ್ಟ.”

ಎಲೆಗಳನ್ನು ಒಟ್ಟು ಮಾಡಿ, ರಬ್ಬರ್ ಸುತ್ತಿ, ಡ್ರಾಯರಿನಲ್ಲಿಟ್ಟು, ಕಾಫಿ ಬಟ್ಟಲುಗಳನ್ನು ತೊಳೆಯಲು ಒಯ್ಯುತ್ತಾನೆ.